ಅಲ್ಯೂಮಿನಿಯಂ ಬಳೆ

ಚಿನ್ನದ ಬಳೆ ನೋಡಿದ್ದೀರಿ. ಗಾಜಿನ ಬಳೆ ತೊಟ್ಟಿದ್ದೀರಿ. ಅಲ್ಯೂಮಿನಿಯಂ ಬಳೆ ನೋಡಿದ್ದೀರಾ?

ನೆದರ್‌ಲ್ಯಾಂಡ್ಸ್ ಯುರೋಪಿನ ಒಂದು ಪುಟ್ಟ ದೇಶ. ಅಲ್ಲಿ ಫ್ರಾಂಸ್ವಾಜ್ ಫಾನ್ ಡೆನ್ ಬಾಸ್ ಎಂಬ ಒಡವೆ ಕಲಾವಿದೆ ಇದ್ದರು. ಪಾತ್ರೆ ಮಾಡುವ ಅಲ್ಯೂಮಿನಿಯಂನಲ್ಲಿ ಅವರು ಬಳೆ ಮಾಡಿದರು. 1944ರಲ್ಲಿ ಹುಟ್ಟಿದವರು 1977ರಲ್ಲೇ ತೀರಿಕೊಂಡರು.

ಚಿನ್ನವಾದರೆ ಅಡ ಇಡಬಹುದು. ಅಲ್ಯೂಮಿನಿಯಂ ಬಳೆಗೆ ಸಾಲ ಯಾರು ಕೊಡ್ತಾರೆ? ಹೊಸ ಬಗೆಯ ಒಡವೆಗೆ ಕೊಳ್ಳೋರು ಕಡಿಮೆ. ಹಾಗಾದ್ರೆ ಮಾಡೋರು ಬದುಕೋದು ಹೇಗೆ?

1980ರಲ್ಲಿ ಆ ಕಲಾವಿದೆಯ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ಪ್ರತಿಷ್ಠಾನ ಅಂದ್ರೆ ಲಾಭ ನೋಡದೆ ಒಳ್ಳೆ ಕೆಲಸಕ್ಕೆ ಹಣ ಕೊಡುವ ಸಂಸ್ಥೆ. ಅದು ಎರಡು ವರ್ಷಕ್ಕೊಮ್ಮೆ ಒಬ್ಬ ಒಡವೆ ಕಲಾವಿದರಿಗೆ ಬಹುಮಾನ ಕೊಡುತ್ತ ಬಂತು. ಹೊಸ ಒಡವೆಗಳನ್ನು ಕೊಂಡು, ಜನ ನೋಡಲಿ ಅಂತ ಆಮ್‌ಸ್ಟರ್‌ಡಾಮ್ ನಗರದ ಮ್ಯೂಸಿಯಂನಲ್ಲಿ ಇಟ್ಟಿತು.

ಮಾತಾಡಿ: ನಿಮ್ಮೂರಲ್ಲಿ ಕೈಕೆಲಸದವರು ಯಾರಿದ್ದಾರೆ? ಅವರು ಹೊಸದೇನಾದ್ರೂ ಮಾಡಿದರೆ ಮೊದಲು ಯಾರು ಕೊಳ್ತಾರೆ?