ಓದಿದ್ದನ್ನು ಓದಿಸುವ ಬಗೆ

ಗ್ರಂಥವನ್ನು ಓದುವುದು ಒಬ್ಬನ ಏಕಾಂತದ ಕಾರ್ಯವೆಂಬ ಭಾವನೆ ಸಾಮಾನ್ಯವಾಗಿದೆ. ಅದು ಅರ್ಧ ಸತ್ಯ ಮಾತ್ರ. ಓದುವ ಹೊತ್ತಿನಲ್ಲಿ ಓದುಗನೂ ಗ್ರಂಥವೂ ಎರಡೇ ಇರುತ್ತವೆಂಬುದು ನಿಜ. ಆದರೆ ಆ ಗ್ರಂಥ ಅವನ ಕೈಗೆ ಬಂದ ಬಗೆಯನ್ನು ವಿಚಾರಿಸಿದರೆ, ಅದರ ಹಿಂದೆ ಪ್ರಾಯಃ ಇನ್ನೊಬ್ಬ ಓದುಗನಿರುತ್ತಾನೆ. ಪಾಠದ ನಡುವೆ ಗುರುಗಳು ಆಡಿದ ಒಂದು ಮಾತು, ಹಿರಿಯ ವಿದ್ಯಾರ್ಥಿಯೊಬ್ಬ ರಜೆಗೆ ಹೋಗುವಾಗ ಬಿಟ್ಟುಹೋದ ಒಂದು ಪುಸ್ತಕ, ನೆಂಟರೊಬ್ಬರು ಊಟದ ಬಳಿಕ ರಸವತ್ತಾಗಿ ಹೇಳಿದ ಒಂದು ಪ್ರಸಂಗ, ಇಂಥ ಯಾವುದೋ ಒಂದು ನಿಮಿತ್ತದಿಂದ ಗ್ರಂಥವು ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ. ಈ ಸಾಗಣೆ ನಿಂತಲ್ಲಿ ಗ್ರಂಥದ ಆಯುಷ್ಯವೂ ನಿಲ್ಲುತ್ತದೆ. ಆದುದರಿಂದ ಓದಿದ್ದನ್ನು ಇನ್ನೊಬ್ಬರಿಗೆ ತಿಳಿಸಿ ಓದಿಸುವುದು ವಿರಾಮಕಾಲದ ಹರಟೆಯಲ್ಲ. ಅದು ಓದುಗನ ಮೇಲಿರುವ ಋಣ. ಆ ಋಣವನ್ನು ತೀರಿಸುವ ಬಗೆ ಯಾವುದೆಂಬುದೇ ಪ್ರಕೃತ ವಿಚಾರ.

ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಅದರಲ್ಲಿ ಹಿಂದಿನ ಕನ್ನಡ ಗ್ರಂಥಕಾರರ ಹೆಸರುಗಳಿವೆ. ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರು ಗದ್ಯದಲ್ಲಿ ಹೆಸರಾದವರು. ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದವರು ಪದ್ಯದಲ್ಲಿ ಹೆಸರಾದವರು. ಇದು ನಮ್ಮ ಭಾಷೆಯಲ್ಲಿ ಉಳಿದಿರುವ ಅತ್ಯಂತ ಪ್ರಾಚೀನವಾದ ವಾಚನ ಸೂಚಿಯೆಂದರೂ ಸಲ್ಲುತ್ತದೆ. ಆದರೆ ಈ ಮಹನೀಯರು ಕನ್ನಡದಲ್ಲಿ ಬರೆದ ಕೃತಿಗಳಲ್ಲಿ ಒಂದೂ ನಮ್ಮ ಕೈಗೆ ಬಂದಿಲ್ಲ. ಹೆಸರು ಉಳಿಯಿತು, ಗ್ರಂಥ ಉಳಿಯಲಿಲ್ಲ. ಗೌರವದಿಂದ ಹೆಸರಿಸಿದ ಮಾತ್ರಕ್ಕೆ ಗ್ರಂಥವನ್ನು ಮುಂದಿನವರಿಗೆ ದಾಟಿಸಿದಂತಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಎರಡನೆಯ ನಿದರ್ಶನ ಹದಿಮೂರನೆಯ ಶತಮಾನದ್ದು. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಮಲ್ಲಿಕಾರ್ಜುನನೆಂಬ ವಿದ್ವಾಂಸನು ಪೂರ್ವಕವಿಗಳ ಕಾವ್ಯಗಳನ್ನು ಓದಿ, ತನಗೆ ಸೊಗಸೆನಿಸಿದ ಪದ್ಯಗಳನ್ನು ಆರಿಸಿ, ವರ್ಣನೆಗಳ ಕ್ರಮದಲ್ಲಿ ಜೋಡಿಸಿ ‘ಸೂಕ್ತಿಸುಧಾರ್ಣವ’ವೆಂಬ ಸಂಕಲನವನ್ನು ಸಿದ್ಧಪಡಿಸಿದನು. ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜನ ತಂದೆಯೇ ಈತ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ ಎಂಬ ಕಾವ್ಯಗಳು ಇಂದು ಸಮಗ್ರವಾಗಿ ಲಭ್ಯವಿಲ್ಲ. ಆದರೂ ಆ ಕವಿಯ ವಾಣಿ ಎಂತಹುದೆಂದು ಊಹಿಸಲು ಸಾಧ್ಯವಾಗಿರುವುದು ಸೂಕ್ತಿಸುಧಾರ್ಣವದಂತಹ ಗ್ರಂಥಗಳು ಉದ್ಧರಿಸಿಟ್ಟುಕೊಂಡ ಪದ್ಯಗಳಿಂದ. ಒಳ್ಳೆಯ ಕವಿಯೆಂದು ಹೊಗಳುವುದರ ಬದಲಾಗಿ ಅವನ ಪದ್ಯವೊಂದನ್ನು ಬರೆದಿಟ್ಟ ಓದುಗನು ಶತಮಾನಗಳ ನಂತರದ ಓದುಗನಿಗೂ ಉಪಕಾರ ಮಾಡಿದನು.

ಮೂರನೆಯ ನಿದರ್ಶನ ಸರ್ವವಿದಿತವಾದುದು. ಪೊನ್ನನ ‘ಶಾಂತಿಪುರಾಣ’ವನ್ನು ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪ ಮತ್ತು ಆತನ ಸೋದರ ಪುನ್ನಮಯ್ಯ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅತ್ತಿಮಬ್ಬೆಯು ಆ ಕಾವ್ಯದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಒಂದೊಂದು ಪ್ರತಿಯನ್ನೂ ಲಿಪಿಕಾರನು ಕಂಠದ ಮೊನೆಯಿಂದ ತಾಳೆಯ ಗರಿಯ ಮೇಲೆ ಅಕ್ಷರ ಅಕ್ಷರವಾಗಿ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂಬುದು ಎಂತಹ ಸಾಹಸವೆಂದು ಓದುಗರು ಊಹಿಸಬಹುದು. ದಾನಚಿಂತಾಮಣಿಯೆಂಬ ಬಿರುದಿಗೆ ಪಾತ್ರಳಾದ ಆಕೆಯ ದಾನಗಳಲ್ಲಿ ಗ್ರಂಥದಾನವೂ ಸೇರಿತ್ತೆಂಬುದು ಇಂದಿನ ದಾನಿಗಳು ನೆನೆಯತಕ್ಕ ಸಂಗತಿ. ಆಕೆ ಕಾವ್ಯವನ್ನು ಕೋಶದಲ್ಲಿ ಇರಿಸಲಿಲ್ಲ, ಕೈಗಳಿಗೆ ತಲುಪಿಸಿದಳು. ಹೀಗೆ ಹೆಸರಿಸುವುದು, ಮಾದರಿಯನ್ನು ಉದ್ಧರಿಸುವುದು, ಪ್ರತಿಯನ್ನೇ ಒದಗಿಸುವುದು ಎಂಬ ಮೂರು ಮೆಟ್ಟಿಲುಗಳು ನಮ್ಮ ಪರಂಪರೆಯಲ್ಲಿಯೇ ಕಾಣುತ್ತವೆ.

ಮುದ್ರಣಯುಗ ಬಂದ ಮೇಲೂ ಈ ಕೆಲಸ ತಾನಾಗಿಯೇ ನಡೆಯಲಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಅಡಗಿದ್ದ ತಾಳೆಗರಿಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ದೊರೆತುದನ್ನು ದೊರೆತಂತೆ ಓದುಗರ ಮುಂದಿಟ್ಟರು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರಿಗೆ ನಡೆದು ಓದುಗರನ್ನು ಅರಸಿದರು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಳಗವನ್ನು ಕಟ್ಟಿಕೊಂಡು ಕಾದಂಬರಿ, ನಾಟಕ, ಕಾವ್ಯ, ವಿಮರ್ಶೆಗಳನ್ನು ಅವರ ಮನೆಗೆ ಮುಟ್ಟಿಸಿತು. ಕಾದಂಬರಿಯನ್ನು ಬಯಸಿದ ಮನೆಗೆ ಆ ಮಾಲೆಯ ಮೂಲಕ ನಾಟಕವೂ ಬಂತು; ನಾಟಕವನ್ನು ಬಯಸಿದವನ ಮೇಜಿನ ಮೇಲೆ ವಿಮರ್ಶೆಯೂ ಕುಳಿತಿತು. ತಾನಾಗಿ ಆರಿಸಿಕೊಳ್ಳದ ಪ್ರಕಾರವೊಂದನ್ನು ಓದುಗನು ವಿಶ್ವಾಸದ ಬಲದಿಂದ ತೆರೆದು ನೋಡುವಂತೆ ಮಾಡಿದುದು ಅದರ ದೊಡ್ಡ ಸೇವೆ.

ಅಂದು ಗ್ರಂಥವು ಅಭಾವದಿಂದ ಕಳೆದುಹೋಗುತ್ತಿತ್ತು. ಇಂದು ಅದು ರಾಶಿಯಲ್ಲಿ ಕಳೆದುಹೋಗುತ್ತಿದೆ. ಪ್ರಕಟವಾಗುವ ಪುಸ್ತಕಗಳು ಅಸಂಖ್ಯ. ಮೊಬೈಲಿನ ಪರದೆಯ ಮೇಲೆ ಕ್ಷಣಕ್ಷಣಕ್ಕೆ ಸುರಿಯುವ ಬರಹ ಅದಕ್ಕೂ ಮಿಗಿಲು. ‘ಅದ್ಭುತ’, ‘ಓದಲೇಬೇಕು’ ಎಂಬ ಮಾತುಗಳು ಅಗ್ಗವಾಗಿ, ಅವುಗಳ ಬೆಲೆ ಇಳಿದಿದೆ. ಗೆದ್ದಲು ತಿಂದ ಗರಿಗೂ ಬೀಗ ಹಾಕಿದ ಕಪಾಟಿನಲ್ಲಿ ಹೊಚ್ಚ ಹೊಸದಾಗಿಯೇ ಮುದಿಯಾದ ಪುಸ್ತಕಕ್ಕೂ ಓದುಗನ ದೃಷ್ಟಿಯಿಂದ ಭೇದವಿಲ್ಲ. ಆದುದರಿಂದ ನಂಬಬಹುದಾದ ಒಬ್ಬ ಓದುಗನ ವಿವೇಚನೆಯುಳ್ಳ ಮಾತು ಹಿಂದೆಂದಿಗಿಂತಲೂ ಇಂದು ಅವಶ್ಯವಾಗಿದೆ.

ಅಂತಹ ಮಾತನ್ನು ಆಡುವ ಕ್ರಮವನ್ನು ನಮ್ಮ ಶಾಸ್ತ್ರಕಾರರೇ ಕಲಿಸಿದ್ದಾರೆ. ಯಾವುದೇ ಶಾಸ್ತ್ರಗ್ರಂಥದ ಆರಂಭದಲ್ಲಿ ಅನುಬಂಧ ಚತುಷ್ಟಯವನ್ನು ನಿರೂಪಿಸಬೇಕೆಂಬುದು ಸಂಪ್ರದಾಯ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬುವೇ ಆ ನಾಲ್ಕು. ಗ್ರಂಥವು ಏನನ್ನು ಹೇಳುತ್ತದೆ ಎಂಬುದು ವಿಷಯ. ಓದಿದವನಿಗೆ ಏನು ಫಲವೆಂಬುದು ಪ್ರಯೋಜನ. ಗ್ರಂಥಕ್ಕೂ ಅದು ಹೇಳುವ ವಸ್ತುವಿಗೂ ಇರುವ ನಂಟು ಸಂಬಂಧ. ಅದನ್ನು ಓದಲು ತಕ್ಕವನು ಯಾರೆಂಬುದು ಅಧಿಕಾರಿ. ಪುಸ್ತಕ ಪರಿಚಯವನ್ನು ಮಾಡುವವರು ಮೊದಲನೆಯದನ್ನು ವಿಸ್ತಾರವಾಗಿಯೂ ಎರಡನೆಯದನ್ನು ಅತ್ಯುಕ್ತಿಯಿಂದಲೂ ಹೇಳಿ, ಉಳಿದೆರಡನ್ನು ಮರೆಯುವುದೇ ಹೆಚ್ಚು. ವಾಸ್ತವವಾಗಿ ಉಪಕಾರವಾಗುವುದು ಆ ಉಳಿದೆರಡರಿಂದ. ಸಾಹಿತ್ಯಪ್ರಕಾರಗಳು ಬೇರೆಬೇರೆಯಾಗುವುದು ‘ಸಂಬಂಧ’ದ ಭೇದದಿಂದಲೇ: ಒಂದೇ ಕಾಡನ್ನು ಕಾದಂಬರಿಯು ಬಾಳಿನ ಮೂಲಕ, ಕಾವ್ಯವು ಭಾವದ ಮೂಲಕ, ವಿಜ್ಞಾನವು ವೀಕ್ಷಣೆಯ ಮೂಲಕ ಕಾಣಿಸುತ್ತವೆ.

ಈ ಕ್ರಮವನ್ನು ಕೆಲವು ಪ್ರಸಿದ್ಧ ಗ್ರಂಥಗಳಿಗೆ ಅನ್ವಯಿಸಿ ನೋಡಬಹುದು. 1941ರ ‘ಮರಳಿ ಮಣ್ಣಿಗೆ’ ಶಿವರಾಮ ಕಾರಂತರ ಕಾದಂಬರಿ. ಕರಾವಳಿಯ ಒಂದು ಮನೆತನದ ಮೂರು ತಲೆಮಾರುಗಳ ಬಾಳು ಅದರ ವಿಷಯ. ಇಷ್ಟನ್ನು ಹೇಳಿ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟರೆ ಓದುಗನ ಸುಖವನ್ನು ಕಸಿದಂತಾಗುತ್ತದೆ. ಅದರ ನಡೆ ನಿಧಾನವಾದುದು, ಕಡಲು, ಮಳೆ, ಗದ್ದೆ, ಹೆಂಗಸರ ದುಡಿಮೆ ಇವು ಪುಟಪುಟದಲ್ಲಿಯೂ ಬರುವಂತಹವು, ಆ ನಿಧಾನವೇ ಕೃತಿಯ ಸತ್ತ್ವ ಎಂದು ಮೊದಲೇ ತಿಳಿಸಿದರೆ, ಓದುಗನು ಐವತ್ತನೆಯ ಪುಟದಲ್ಲಿ ಬೇಸತ್ತು ಮುಚ್ಚಿಡುವುದಿಲ್ಲ. ಊರನ್ನು ಬಿಟ್ಟು ಪಟ್ಟಣಕ್ಕೆ ಉದ್ಯೋಗಕ್ಕೆಂದು ಹೋದ ಹಳೆಯ ವಿದ್ಯಾರ್ಥಿ ಇದಕ್ಕೆ ಉತ್ತಮ ಅಧಿಕಾರಿ. ಎಂಟನೆಯ ತರಗತಿಯ ಬಾಲಕನಿಗೆ ಇದನ್ನು ಬಹುಮಾನವಾಗಿ ಕೊಟ್ಟರೆ, ಗ್ರಂಥವೂ ಕೆಡದು, ಬಾಲಕನೂ ಕೆಡನು. ಆದರೆ ಇಬ್ಬರ ಭೇಟಿಯೂ ಆಗದು.

ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಬೇರೆಯ ಜಾತಿಯದು. ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳೊಡನೆ ಕಾಡುಮೇಡುಗಳಲ್ಲಿ ತಿರುಗಿದ ಪ್ರವಾಸದ ನಡುವೆ ಗಿಡಮರಗಳ ಪರಿಚಯವನ್ನು ನಗುನಗುತ್ತ ಮಾಡಿಸುವ ಕೃತಿ ಅದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ವಿಜ್ಞಾನವೆಂದೊಡನೆ ಹಿಮ್ಮೆಟ್ಟುವ ಸಾಹಿತ್ಯಪ್ರಿಯನೂ, ಸಾಹಿತ್ಯವೆಂದೊಡನೆ ಆಕಳಿಸುವ ವಿಜ್ಞಾನದ ವಿದ್ಯಾರ್ಥಿಯೂ ಇದಕ್ಕೆ ಸಮಾನ ಅಧಿಕಾರಿಗಳು. ಇಂತಹ ಗ್ರಂಥಗಳು ಒಂದು ಪ್ರಕಾರದಿಂದ ಇನ್ನೊಂದಕ್ಕೆ ದಾಟಿಸುವ ಸೇತುವೆಗಳು. ಕಥೆಯನ್ನಷ್ಟೇ ಓದುವವನಿಗೆ ನೇರವಾಗಿ ಶಾಸ್ತ್ರವನ್ನು ಕೊಡದೆ ಮೊದಲು ಸೇತುವೆಯನ್ನು ತೋರಿಸುವುದು ಬಲ್ಲವರ ಲಕ್ಷಣ.

ಕಾವ್ಯದ ವಿಷಯದಲ್ಲಿ ಓದುವ ಬಗೆಯನ್ನೇ ಕಲಿಸಬೇಕಾಗುತ್ತದೆ. ಕುಮಾರವ್ಯಾಸನ ಭಾರತವನ್ನು ಕಣ್ಣಿನಿಂದ ಓದಿ ಕಠಿನವೆಂದು ಬಿಟ್ಟವನು, ಅದನ್ನೇ ಗಮಕಿಯ ಕಂಠದಿಂದ ಕೇಳಿದರೆ ಭಾಮಿನೀ ಷಟ್ಪದಿಯ ಓಟಕ್ಕೆ ಮರುಳಾಗುತ್ತಾನೆ. ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ದ ಒಂಬೈನೂರಕ್ಕೂ ಮಿಕ್ಕ ಪದ್ಯಗಳನ್ನು ಎರಡು ದಿನಗಳಲ್ಲಿ ಮುಗಿಸುವುದು ಔಷಧವನ್ನು ಊಟದಂತೆ ಉಂಡ ಹಾಗೆ, ದಿನಕ್ಕೊಂದೆರಡು ಸಾಕು. ನಾಟಕವನ್ನು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಬೇಕು. ಪರೀಕ್ಷೆಯಲ್ಲಿ ಮೊದಲಿಗನಾದ ಮಗನನ್ನೂ ಮನೆಯವರ ಕಷ್ಟಕ್ಕೆ ಒದಗುವ ಮಗನನ್ನೂ ಎದುರುಬದುರು ನಿಲ್ಲಿಸುವ ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ತರಗತಿಯಲ್ಲಿ ಹೀಗೆ ಓದಿಸಿದರೆ, ಮಕ್ಕಳು ನಕ್ಕು ನಕ್ಕು ಕೊನೆಗೆ ಮೌನವಾಗುತ್ತಾರೆ. ಶಿಕ್ಷಕರೂ ಪೋಷಕರೂ ಆ ಮೌನದಲ್ಲಿ ಪಾಲುಗೊಳ್ಳತಕ್ಕವರು.

ಇನ್ನು ಪರಿಚಯ ಮಾಡುವವನು ವರ್ಜಿಸಬೇಕಾದ ದೋಷಗಳು ಕೆಲವಿವೆ. ಓದದೆ ಹೊಗಳುವುದು ಮೊದಲನೆಯದು. ಮುನ್ನುಡಿಯನ್ನಷ್ಟೇ ನೋಡಿ ಆಡಿದ ಮಾತು ಎರಡನೆಯ ಪ್ರಶ್ನೆಗೆ ತಡವರಿಸುತ್ತದೆ. ಒಂದು ಪ್ರಕಾರದ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ಎರಡನೆಯದು. ಪ್ರವಾಸಕಥನದಲ್ಲಿ ಕಾದಂಬರಿಯ ಕುತೂಹಲವಿಲ್ಲವೆಂದು ದೂರುವುದು ಮಾವಿನ ಮರದಲ್ಲಿ ಹಲಸನ್ನು ಅರಸಿದಂತೆ. ಸ್ನೇಹದ ದಾಕ್ಷಿಣ್ಯದಿಂದ ದೋಷವನ್ನು ಮರೆಮಾಚುವುದು ಮೂರನೆಯದು; ಪಾಂಡಿತ್ಯಪ್ರದರ್ಶನಕ್ಕಾಗಿ ದೋಷವನ್ನೇ ಎತ್ತಿ ಆಡುವುದು ನಾಲ್ಕನೆಯದು. ತನಗೆ ರುಚಿಸಿದ್ದು ಎಲ್ಲರಿಗೂ ರುಚಿಸಲೇಬೇಕೆಂಬ ಹಟ ಐದನೆಯದು. ಇವುಗಳಲ್ಲಿ ಕೊನೆಯದೇ ಶಾಲೆಗಳಲ್ಲಿ ಹೆಚ್ಚು ಹಾನಿಕರವೆನ್ನಬೇಕು. ಅಕಾಲದಲ್ಲಿ ಹೇರಿದ ಒಂದು ಒಳ್ಳೆಯ ಗ್ರಂಥವು ಮಗುವನ್ನು ಆ ಗ್ರಂಥದಿಂದ ಮಾತ್ರವಲ್ಲ, ಓದಿನಿಂದಲೇ ಜೀವಮಾನಪರ್ಯಂತ ದೂರ ಮಾಡಬಲ್ಲದು. ಹಾಗೆ ದೂರವಾದವನ ಮನೆಯಲ್ಲಿ ಅವನ ಮಕ್ಕಳಿಗೂ ಪುಸ್ತಕ ಅಪರಿಚಿತವಾಗುತ್ತದೆ. ನಷ್ಟ ಒಂದು ತಲೆಮಾರಿಗೆ ನಿಲ್ಲುವುದಿಲ್ಲ.

ಹೀಗಿರಲು ಶಾಲೆಯಲ್ಲಿ ಮಾಡಬಹುದಾದುದು ಏನು? ಹೆಚ್ಚಿನ ವೆಚ್ಚವಿಲ್ಲದ ಕೆಲವು ಕ್ರಮಗಳು ಸಾಧ್ಯ. ತರಗತಿಗೊಂದು ವಾಚನ ಪುಸ್ತಿಕೆಯನ್ನಿಟ್ಟು, ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಗ್ರಂಥದ ಹೆಸರು, ಅದು ಯಾರಿಗೆ ತಕ್ಕುದು, ತನ್ನನ್ನು ತಡೆದ ಭಾಗ ಯಾವುದು, ಹಿಡಿದು ನಿಲ್ಲಿಸಿದ ಭಾಗ ಯಾವುದು ಎಂಬ ನಾಲ್ಕು ಸಂಗತಿಗಳನ್ನು ನಾಲ್ಕು ಸಾಲುಗಳಲ್ಲಿ ಬರೆಯಬಹುದು. ಇಷ್ಟವಾಗಲಿಲ್ಲವೆಂದು ಬರೆಯುವ ಸ್ವಾತಂತ್ರ್ಯವೂ ಅವನಿಗಿರಬೇಕು. ಆ ಸ್ವಾತಂತ್ರ್ಯವಿದ್ದಲ್ಲಿ ಮಾತ್ರ ಇಷ್ಟವಾಯಿತೆಂಬ ಮಾತಿಗೆ ಬೆಲೆ. ಶಿಕ್ಷಕರು, ಗಣಿತ ವಿಜ್ಞಾನಗಳವರೂ ಸೇರಿ, ತಮ್ಮ ವಿಷಯಕ್ಕೆ ಹೊರತಾದ ಒಂದು ಪುಸ್ತಕವನ್ನು ತಿಂಗಳಿಗೊಮ್ಮೆ ಪ್ರಾರ್ಥನಾಸಭೆಯಲ್ಲಿ ಐದು ನಿಮಿಷ ಪರಿಚಯಿಸಬಹುದು. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ಪತ್ರದಲ್ಲಿ, ತಮ್ಮ ಬಾಳಿನಲ್ಲಿ ನಿಂತ ಒಂದು ಗ್ರಂಥದ ವಿಚಾರವನ್ನು ಇಂದಿನ ಮಕ್ಕಳಿಗೆ ಬರೆಯಬಹುದು. ದಾನಿಗಳು ಪುಸ್ತಕವನ್ನು ಕೊಡುವಾಗ ಮೊದಲ ಪುಟದಲ್ಲಿ ತಮ್ಮ ಹೆಸರಿನ ಜೊತೆಗೆ, ಇದನ್ನು ಯಾರು, ಏಕೆ ಓದಬೇಕೆಂದು ಎರಡು ವಾಕ್ಯ ಬರೆದರೆ, ದಾನವು ಕಪಾಟಿಗೆ ಸಲ್ಲದೆ ಓದುಗನಿಗೆ ಸಲ್ಲುತ್ತದೆ. ಕಪಾಟಿನ ಬೀಗದ ಕೈ ಪಾಠದ ವೇಳೆಯ ನಂತರವೂ ಸುಲಭವಾಗಿ ಸಿಗುವಂತಿರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದರು. ಓದಿದ ಕೋಶವನ್ನು ಇನ್ನೊಬ್ಬರ ಕೈಗಿಡು ಎಂಬ ಮಾತನ್ನು ಅವರು ಬಾಯಲ್ಲಿ ಹೇಳದೆ ನಡೆದು ತೋರಿದರು. ನಾಗಾರ್ಜುನ ಜಯಬಂಧುಗಳ ಗ್ರಂಥಗಳು ಇನ್ನು ದೊರೆಯಲಾರವೇನೋ. ಗುಣವರ್ಮನ ಕೆಲವು ಪದ್ಯಗಳಾದರೂ ಉಳಿದಿವೆ. ಇವೆರಡರ ನಡುವಣ ಅಂತರವೆಂದರೆ ಓದಿ ಮೆಚ್ಚಿ, ಅಷ್ಟಕ್ಕೇ ಸುಮ್ಮನಾಗದೆ ಬರೆದಿಟ್ಟುಕೊಟ್ಟ ಕೆಲವರು ಓದುಗರು. ಅಂತಹ ಓದುಗರು ಪ್ರತಿಯೊಂದು ತರಗತಿಯಿಂದಲೂ ವರ್ಷಕ್ಕೆ ಇಬ್ಬರು ಮೂವರು ಹೊರಬಂದರೂ ಶಾಲೆಯ ಗ್ರಂಥಭಂಡಾರವು ಸಾರ್ಥಕವಾದೀತು.