ವಿಶ್ವಕೋಶದ ಮೂಲೆಯ ಪುಟಗಳು

ಲೋಕದ ಅರಿವನ್ನೆಲ್ಲ ಒಂದೆಡೆ ಕೂಡಿಸಿಡಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ನಮ್ಮ ನಾಡಿನಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ರಾಜನೀತಿಯಿಂದ ಮೊದಲುಗೊಂಡು ಅಡುಗೆ, ಆನೆ, ಸಂಗೀತಗಳವರೆಗೆ ನಾನಾ ವಿಷಯಗಳನ್ನು ಅದರಲ್ಲಿ ಅಡಕಗೊಳಿಸಿದನು. ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ವೂ ಇದೇ ಜಾತಿಯ ಗ್ರಂಥ. ೨೦ನೆಯ ಶತಮಾನದಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ರಚಿಸಿದರು, ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೊರತಂದಿತು. ೨೦೦೧ರಲ್ಲಿ ಆರಂಭವಾದ ವಿಕಿಪೀಡಿಯವಂತೂ ಇಂದು ವಿದ್ಯಾರ್ಥಿಗಳ ಕಿಸೆಯಲ್ಲಿಯೇ ಇದೆ.

ಆದರೆ ಇಂಥ ಭಂಡಾರವನ್ನು ನಾವು ಬಳಸುವ ಬಗೆ ಬಹುಮಟ್ಟಿಗೆ ಒಂದೇ. ಪಾಠದಲ್ಲಿ ‘ಗುರುತ್ವ’ ಬಂದರೆ ಗುರುತ್ವವನ್ನೂ ‘ವಿದ್ಯುತ್ತು’ ಬಂದರೆ ವಿದ್ಯುತ್ತನ್ನೂ ತೆರೆದು, ಬೇಕಾದ ನಾಲ್ಕು ಸಾಲನ್ನು ಬರೆದುಕೊಂಡು ಮುಚ್ಚುತ್ತೇವೆ. ಹೆದ್ದಾರಿಯಲ್ಲಿ ಹೋಗಿಬರುವವನಿಗೆ ಊರಿನ ಓಣಿಗಳು ಕಾಣುವುದಿಲ್ಲ. ವಿಶ್ವಕೋಶದಲ್ಲಿಯೂ ಯಾರೂ ಹುಡುಕಿಕೊಂಡು ಹೋಗದ ಸಣ್ಣ ಲೇಖನಗಳು ಅಸಂಖ್ಯವಾಗಿವೆ. ಅವುಗಳ ಶೀರ್ಷಿಕೆಯೇ ವಿಚಿತ್ರವಾಗಿರುತ್ತದೆ. ಪರೀಕ್ಷೆಗೆ ಅವು ಬಾರವು. ಅಂಥ ಮೂರು ಲೇಖನಗಳನ್ನು ವಾಚಕರೊಡನೆ ಹಂಚಿಕೊಂಡು, ಅವುಗಳಿಂದ ಭೌತವಿಜ್ಞಾನದ ಪಾಠವೇನಾದರೂ ದೊರೆಯುವುದೋ ನೋಡೋಣ.

ಒಂಬತ್ತು ಹನಿಗಳ ಪ್ರಯೋಗ

ಮೊದಲನೆಯದು ಡಾಂಬರಿನ ಹನಿಯ ಪ್ರಯೋಗ. ಪಿಚ್ ಎಂಬುದು ಡಾಂಬರಿನ ಜಾತಿಯ ಕಪ್ಪು ವಸ್ತು. ಸಾಮಾನ್ಯ ಉಷ್ಣತೆಯಲ್ಲಿ ಅದು ಕಲ್ಲಿನಂತೆ ಗಟ್ಟಿ. ಸುತ್ತಿಗೆಯಿಂದ ಹೊಡೆದರೆ ಚೂರುಚೂರಾಗುತ್ತದೆ. ಅದನ್ನು ಘನವೆಂದು ಹೇಳಲು ಯಾರೂ ಹಿಂಜರಿಯರು. ಆದರೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಥಾಮಸ್ ಪಾರ್ನೆಲ್ ಇದು ದ್ರವವೆಂದು ತಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಬಯಸಿದರು. ೧೯೨೭ರಲ್ಲಿ ಪಿಚ್ಚನ್ನು ಕಾಯಿಸಿ, ತುದಿ ಮುಚ್ಚಿದ ಗಾಜಿನ ಆಲಿಕೆಯೊಂದಕ್ಕೆ ಸುರಿದರು. ಅದು ನೆಲೆಗೊಳ್ಳಲೆಂದು ಮೂರು ವರ್ಷ ಬಿಟ್ಟು, ೧೯೩೦ರಲ್ಲಿ ಆಲಿಕೆಯ ತುದಿಯನ್ನು ಕತ್ತರಿಸಿದರು. ಆಮೇಲೆ ಮಾಡಬೇಕಾದ ಕೆಲಸ ಒಂದೇ, ಕಾಯುವುದು.

ಹನಿಗಳು ಬಿದ್ದ ವರ್ಷಗಳು ಹೀಗಿವೆ: ೧೯೩೮, ೧೯೪೭, ೧೯೫೪, ೧೯೬೨, ೧೯೭೦, ೧೯೭೯, ೧೯೮೮, ೨೦೦೦, ೨೦೧೪. ಈ ಪಟ್ಟಿಯನ್ನು ಓದಿ ಮುಂದೆ ಹೋಗಬಾರದು. ಒಂದರಿಂದೊಂದನ್ನು ಕಳೆದು ನೋಡಬೇಕು. ಅಂತರಗಳು ೯, ೭, ೮, ೮, ೯, ೯, ೧೨, ೧೪ ವರ್ಷ. ಕೊನೆಯ ಎರಡು ಹನಿಗಳು ಏಕೆ ಇಷ್ಟು ತಡಮಾಡಿದವು? ಏಳನೆಯ ಹನಿ ಬಿದ್ದ ಬಳಿಕ ಆ ಕಟ್ಟಡಕ್ಕೆ ಹವಾನಿಯಂತ್ರಣ ವ್ಯವಸ್ಥೆ ಬಂದಿತು; ಕೋಣೆಯ ಸರಾಸರಿ ಉಷ್ಣತೆ ಇಳಿಯಿತು; ಉಷ್ಣತೆ ಇಳಿದೊಡನೆ ಪಿಚ್ಚಿನ ಸ್ನಿಗ್ಧತೆ ಏರಿತು. ಚಳಿಗಾಲದ ಬೆಳಗಿನಲ್ಲಿ ಜೇನುತುಪ್ಪ ಸೀಸೆಯಿಂದ ಇಳಿಯಲು ತಡಮಾಡುವುದೂ ಇದೇ ಕಾರಣದಿಂದ. ಈ ಪ್ರಯೋಗದಿಂದ ಲೆಕ್ಕಹಾಕಿದಾಗ ಪಿಚ್ಚಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು ೨೩,೦೦೦ ಕೋಟಿ ಪಟ್ಟು ಎಂದು ತಿಳಿದುಬಂದಿತು.

ಈ ಉಪಕರಣವನ್ನು ೧೯೬೧ರಿಂದ ನೋಡಿಕೊಂಡ ಜಾನ್ ಮೇನ್‌ಸ್ಟೋನ್ ಒಂದು ಹನಿಯೂ ಬೀಳುವುದನ್ನು ಕಣ್ಣಾರೆ ಕಾಣಲಿಲ್ಲ. ೧೯೮೮ರಲ್ಲಿ ಅವರು ಏನನ್ನೋ ಕುಡಿದು ಬರಲೆಂದು ಹೊರಗೆ ಹೋದ ಕೆಲವೇ ನಿಮಿಷಗಳಲ್ಲಿ ಹನಿ ಬಿದ್ದುಹೋಯಿತು. ೨೦೦೦ದಲ್ಲಿ ಕ್ಯಾಮೆರಾ ಇಟ್ಟಿದ್ದರು. ಸರಿಯಾದ ಹೊತ್ತಿಗೆ ಅದು ಕೆಟ್ಟಿತು. ೨೦೧೩ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಒಂಬತ್ತನೆಯ ಹನಿ ಬೇರ್ಪಟ್ಟದ್ದು ಮರುವರ್ಷ.

ಘನ, ದ್ರವ ಎಂಬ ವಿಂಗಡಣೆಯಲ್ಲಿ ಕಾಲಕ್ಕೂ ಪಾಲಿದೆ ಎಂಬುದು ಇಲ್ಲಿಯ ಪಾಠ. ಸುತ್ತಿಗೆಯ ಪೆಟ್ಟು ಕ್ಷಣಮಾತ್ರದ್ದು. ಆ ಕ್ಷಣಕ್ಕೆ ಪಿಚ್ ಘನ. ಹತ್ತು ವರ್ಷದ ಲೆಕ್ಕದಲ್ಲಿ ಅದೇ ದ್ರವ. ಆದರೆ ಈ ಪಾಠವನ್ನು ಎಲ್ಲೆಡೆಗೂ ಅನ್ವಯಿಸಲು ಹೊರಟರೆ ಎಡವುತ್ತೇವೆ. ಯೂರೋಪಿನ ಹಳೆಯ ದೇವಾಲಯಗಳ ಕಿಟಕಿಯ ಗಾಜು ಕೆಳಗಡೆ ದಪ್ಪವಾಗಿರುವುದು ಗಾಜು ಹರಿದಿರುವುದರಿಂದ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದು ನಿಜವಲ್ಲ. ಅಂದಿನ ತಯಾರಿಕೆಯಲ್ಲಿ ಹಾಳೆಗಳು ಏಕರೀತಿಯ ದಪ್ಪಕ್ಕೆ ಬರುತ್ತಿರಲಿಲ್ಲ, ಅಷ್ಟೆ. ಸಾಮಾನ್ಯ ಉಷ್ಣತೆಯಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಬೇಕಾದರೆ ವಿಶ್ವದ ವಯಸ್ಸೂ ಸಾಲದು.

ಮುಳುಗಿದ ಹಡಗಿನ ಉಕ್ಕು

ಎರಡನೆಯ ಲೇಖನದ ಹೆಸರು ‘ಅಲ್ಪವಿಕಿರಣದ ಉಕ್ಕು’. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ೭೪ ಯುದ್ಧನೌಕೆಗಳನ್ನು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಸ್ಕಾಪಾ ಫ್ಲೋ ಎಂಬ ಕಡಲತಾಣದಲ್ಲಿ ತಡೆದಿಡಲಾಗಿತ್ತು. ಅವು ಶತ್ರುವಿನ ಕೈಸೇರಬಾರದೆಂದು ೧೯೧೯ರ ಜೂನ್ ೨೧ರಂದು ನಾವಿಕರೇ ಅವನ್ನು ಮುಳುಗಿಸಲು ತೊಡಗಿ, ೫೨ ಹಡಗುಗಳನ್ನು ತಳಕ್ಕಿಳಿಸಿದರು. ಮುಂದೆ ಹಲವು ದಶಕಗಳ ಬಳಿಕ ಭೌತವಿಜ್ಞಾನಿಗಳಿಗೆ ಆ ಹಡಗುಗಳ ಉಕ್ಕು ಬೇಕಾಯಿತು.

ಕಾರಣ ಹೀಗಿದೆ. ಉಕ್ಕನ್ನು ತಯಾರಿಸುವಾಗ ಕುಲುಮೆಯೊಳಕ್ಕೆ ಗಾಳಿಯನ್ನೋ ಗಾಳಿಯಿಂದ ಬೇರ್ಪಡಿಸಿದ ಆಮ್ಲಜನಕವನ್ನೋ ಊದುತ್ತಾರೆ. ೧೯೪೫ರ ಜುಲೈ ೧೬ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮೊದಲ ಪರಮಾಣು ಬಾಂಬನ್ನು ಸಿಡಿಸಿದ ಮೇಲೆ, ಬಾಂಬು ಪ್ರಯೋಗಗಳಿಂದ ಹುಟ್ಟಿದ ವಿಕಿರಣಪಟು ಧಾತುಗಳ ಲವಲೇಶ ಜಗತ್ತಿನ ವಾಯುವಿನಲ್ಲೆಲ್ಲ ಬೆರೆಯಿತು. ಕುಲುಮೆಯ ಮೂಲಕ ಅದು ಹೊಸ ಉಕ್ಕಿಗೂ ಸೇರಿತು. ಸೇತುವೆಗೋ ರೈಲುಕಂಬಿಗೋ ಇದರಿಂದ ಬಾಧಕವಿಲ್ಲ. ಆದರೆ ಅತಿ ಕ್ಷೀಣವಾದ ವಿಕಿರಣವನ್ನು ಅಳೆಯುವ ಉಪಕರಣಕ್ಕೆ ಕವಚ ತೊಡಿಸಿದಾಗ, ಕವಚವೇ ವಿಕಿರಣ ಸೂಸಿದರೆ ಅಳತೆ ಕೆಡುತ್ತದೆ. ಪಿಸುಮಾತನ್ನು ಆಲಿಸಲೆಂದು ಮುಚ್ಚಿದ ಬಾಗಿಲೇ ಕಿರುಗುಟ್ಟಿದಂತೆ. ೧೯೪೫ಕ್ಕಿಂತ ಮೊದಲೇ ಎರಕಗೊಂಡು ನೀರಿನಡಿಯಲ್ಲಿದ್ದ ಉಕ್ಕಿಗೆ ಈ ದೋಷವಿರಲಿಲ್ಲ.

೧೯೬೩ರ ಒಪ್ಪಂದದಿಂದ ವಾಯುಮಂಡಲದಲ್ಲಿ ನಡೆಯುತ್ತಿದ್ದ ಬಾಂಬು ಪ್ರಯೋಗಗಳು ಬಹಳ ಮಟ್ಟಿಗೆ ನಿಂತವು. ಕೋಬಾಲ್ಟ್-೬೦ರಂಥ ಧಾತುವಿನ ಅರ್ಧಾಯು ೫.೨೭ ವರ್ಷ ಮಾತ್ರ. ಹೀಗಾಗಿ ವಾಯುವು ಕ್ರಮೇಣ ಶುದ್ಧವಾಗುತ್ತ ಬಂದಿದೆ. ಇಂದು ಬಹುತೇಕ ಕೆಲಸಗಳಿಗೆ ಹೊಸ ಉಕ್ಕೇ ಸಾಕಾಗುತ್ತದೆ.

ಇಂಥ ನಿಶ್ಶಬ್ದದ ಹುಡುಕಾಟ ನಮ್ಮ ನಾಡಿಗೂ ಅಪರಿಚಿತವಲ್ಲ. ವಿಶ್ವಕಿರಣಗಳ ಗದ್ದಲದಿಂದ ತಪ್ಪಿಸಿಕೊಳ್ಳಲು ಭಾರತ, ಜಪಾನ್, ಬ್ರಿಟನ್ನುಗಳ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕಿಳಿದು ಉಪಕರಣಗಳನ್ನಿಟ್ಟರು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ೧೯೬೫ರಲ್ಲಿ ಅಲ್ಲಿ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ದೊರೆಯಿತು. ಒಂದು ಕಡೆ ಕಡಲತಳದ ಉಕ್ಕು, ಇನ್ನೊಂದು ಕಡೆ ಗಣಿಯ ತಳದ ಕತ್ತಲೆ; ಎರಡರ ಉದ್ದೇಶವೂ ಬೇಡದ ಸದ್ದನ್ನು ತಡೆಯುವುದೇ.

ಲಕ್ಷದಲ್ಲಿ ಮೂರು

ಮೂರನೆಯ ಲೇಖನ ಆಫ್ರಿಕದ ಗಬೋನ್ ದೇಶದ ಓಕ್ಲೋ ಗಣಿಯನ್ನು ಕುರಿತದ್ದು. ನಿಸರ್ಗದಲ್ಲಿ ದೊರೆಯುವ ಯುರೇನಿಯಂನಲ್ಲಿ ಮುಖ್ಯವಾಗಿ ಎರಡು ಸಮಸ್ಥಾನಿಗಳಿವೆ: ಯುರೇನಿಯಂ-೨೩೮ ಮತ್ತು ಯುರೇನಿಯಂ-೨೩೫. ಸುಲಭವಾಗಿ ಒಡೆದು ಶಕ್ತಿಯನ್ನು ಕೊಡುವುದು ಎರಡನೆಯದು. ಭೂಮಿಯ ಯಾವ ಗಣಿಯಿಂದ ತೆಗೆದರೂ ಲಕ್ಷ ಪರಮಾಣುಗಳಲ್ಲಿ ಸುಮಾರು ೭೨೦ ಯುರೇನಿಯಂ-೨೩೫ ಇರುತ್ತವೆ. ೧೯೭೨ರಲ್ಲಿ ಫ್ರಾನ್ಸಿನ ಪಿಯೆರ್‌ಲಾತ್ ಎಂಬಲ್ಲಿಯ ಕಾರ್ಖಾನೆಯಲ್ಲಿ ನಿತ್ಯದ ಪರೀಕ್ಷೆ ನಡೆಯುತ್ತಿದ್ದಾಗ ಓಕ್ಲೋ ಗಣಿಯ ಮಾದರಿಯೊಂದರಲ್ಲಿ ಕಂಡುಬಂದದ್ದು ೭೧೭.

ಲಕ್ಷಕ್ಕೆ ಮೂರು ಕಡಮೆ. ಇದನ್ನು ಅಳತೆಯ ದೋಷವೆಂದು ಬದಿಗಿಡುವುದು ಸುಲಭವಾಗಿತ್ತು. ಆದರೆ ಅಲ್ಲಿಯ ವಿಜ್ಞಾನಿಗಳಿಗೆ ತಮ್ಮ ಉಪಕರಣದ ನಿಖರತೆ ಎಷ್ಟೆಂದು ಗೊತ್ತಿತ್ತು. ಮೇಲಾಗಿ ಈ ವಸ್ತುವಿನಿಂದ ಬಾಂಬನ್ನೂ ಮಾಡಬಹುದಾದ್ದರಿಂದ ಕೊರತೆ ಎಷ್ಟೇ ಸಣ್ಣದಾದರೂ ಲೆಕ್ಕ ಒಪ್ಪಿಸಲೇಬೇಕಾಗಿತ್ತು. ಮಾದರಿಗಳ ಮೂಲವನ್ನು ಹಿಡಿದು ಗಣಿಯವರೆಗೆ ಹೋದಾಗ, ಕೆಲವು ಅದಿರಿನಲ್ಲಿ ಲಕ್ಷಕ್ಕೆ ೪೪೦ರಷ್ಟು ಮಾತ್ರ ಉಳಿದಿರುವುದು ತಿಳಿಯಿತು. ಜೊತೆಗೆ, ಯುರೇನಿಯಂ ಒಡೆದಾಗ ಹುಟ್ಟುವ ಧಾತುಗಳೂ ಅಲ್ಲಿ ಸಿಕ್ಕಿದವು. ಸಾಮಾನ್ಯ ನಿಯೋಡೀಮಿಯಂನಲ್ಲಿ ೧೪೨ನೆಯ ಸಮಸ್ಥಾನಿ ಶೇಕಡ ೨೭ರಷ್ಟಿರುತ್ತದೆ. ಓಕ್ಲೋದಲ್ಲಿ ಶೇಕಡ ೬ಕ್ಕಿಂತ ಕಡಮೆ. ವಿದಳನದಿಂದ ಈ ಸಮಸ್ಥಾನಿ ಹುಟ್ಟುವುದಿಲ್ಲವಾದ್ದರಿಂದ ಇದು ಬೆರಳಚ್ಚಿನಂಥ ಸಾಕ್ಷ್ಯ. ಭೂಮಿಯೊಳಗೆ ನಿಸರ್ಗವೇ ಪರಮಾಣು ಸ್ಥಾವರವನ್ನು ನಡೆಸಿತ್ತೆಂದು ಫ್ರಾನ್ಸಿಸ್ ಪೆರಾಂ ೧೯೭೨ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದರು. ಇಂಥದು ಸಾಧ್ಯವೆಂದು ಪಾಲ್ ಕುರೋಡ ಎಂಬ ರಸಾಯನವಿಜ್ಞಾನಿ ೧೯೫೬ರಲ್ಲಿಯೇ ಲೆಕ್ಕಹಾಕಿ ತೋರಿಸಿದ್ದರು.

ಇಂದಿನ ನೈಸರ್ಗಿಕ ಯುರೇನಿಯಂ ಸಾಮಾನ್ಯ ನೀರಿನೊಡನೆ ಸರಪಣಿಕ್ರಿಯೆ ನಡೆಸಲಾರದು. ೨೩೫ರ ಪಾಲು ಅಷ್ಟು ಕಡಮೆ. ಹಾಗಾದರೆ ಅಂದು ಹೇಗೆ ನಡೆಯಿತು? ಉತ್ತರ ಅರ್ಧಾಯುವಿನಲ್ಲಿದೆ. ಯುರೇನಿಯಂ-೨೩೫ರ ಅರ್ಧಾಯು ೭೦.೪ ಕೋಟಿ ವರ್ಷ, ೨೩೮ರದು ೪೪೬.೮ ಕೋಟಿ ವರ್ಷ. ಓಕ್ಲೋದ ಕ್ರಿಯೆ ನಡೆದದ್ದು ಸರಿಸುಮಾರು ೨೦೦ ಕೋಟಿ ವರ್ಷಗಳ ಹಿಂದೆ. ಅಷ್ಟು ಕಾಲದಲ್ಲಿ ೨೩೫ಕ್ಕೆ ೨.೮೪ ಅರ್ಧಾಯುಗಳು ಕಳೆದಿವೆ. ಎಂದರೆ ಅಂದು ಅದು ಇಂದಿನ ೭.೧೬ ಪಟ್ಟು ಇದ್ದಿತು. ೨೩೮ಕ್ಕೆ ಕಳೆದದ್ದು ೦.೪೪೮ ಅರ್ಧಾಯು, ಅದು ಇದ್ದದ್ದು ಇಂದಿನ ೧.೩೬ ಪಟ್ಟು. ಇಂದು ಇವೆರಡರ ಪ್ರಮಾಣ ೦.೭೨ಕ್ಕೆ ೯೯.೨೭. ಮೊದಲನೆಯದನ್ನು ೭.೧೬ರಿಂದಲೂ ಎರಡನೆಯದನ್ನು ೧.೩೬ರಿಂದಲೂ ಗುಣಿಸಿದರೆ ೫.೧೬ಕ್ಕೆ ೧೩೫ ಎಂದು ಬರುತ್ತದೆ. ಎಂದರೆ ೨೩೫ರ ಪಾಲು ಶೇಕಡ ೩.೭. ಇಂದಿನ ಅನೇಕ ವಿದ್ಯುತ್ ಸ್ಥಾವರಗಳಿಗೆ ಬಹು ಶ್ರಮದಿಂದ ಸಂವರ್ಧಿಸಿ ಕೊಡುವ ಇಂಧನದ ಪ್ರಮಾಣವೂ ಹೆಚ್ಚು ಕಡಮೆ ಇಷ್ಟೇ.

ಇಂಧನದ ಜೊತೆಗೆ ಅಂತರ್ಜಲವಿತ್ತು. ನ್ಯೂಟ್ರಾನುಗಳ ವೇಗವನ್ನು ತಗ್ಗಿಸಿ ವಿದಳನವನ್ನು ಮುಂದುವರಿಸಿದ್ದು ಆ ನೀರು. ಕ್ರಿಯೆಯ ಶಾಖಕ್ಕೆ ನೀರು ಆವಿಯಾಗಿ ಹೋದೊಡನೆ ಕ್ರಿಯೆ ತಾನಾಗಿ ನಿಲ್ಲುತ್ತಿತ್ತು. ಬಂಡೆ ತಣಿದು ನೀರು ಮತ್ತೆ ಒಸರಿದಾಗ ಮತ್ತೆ ಆರಂಭವಾಗುತ್ತಿತ್ತು. ಖನಿಜದಲ್ಲಿ ಸಿಕ್ಕಿಕೊಂಡ ಕ್ಸೆನಾನ್ ಅನಿಲವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅರ್ಧ ಗಂಟೆ ಕ್ರಿಯೆ, ಎರಡೂವರೆ ಗಂಟೆ ವಿರಾಮ ಎಂಬ ಕ್ರಮವನ್ನು ೨೦೦೪ರಲ್ಲಿ ಕಂಡುಹಿಡಿದರು. ಈ ಉಸಿರಾಟ ಲಕ್ಷಾಂತರ ವರ್ಷ ನಡೆಯಿತು. ಅದರ ಸರಾಸರಿ ಸಾಮರ್ಥ್ಯ ನೂರು ಕಿಲೋವಾಟ್ ಮೀರಿರಲಿಕ್ಕಿಲ್ಲ.

ಇದು ಕುತೂಹಲದ ಸಂಗತಿ ಮಾತ್ರವಲ್ಲ. ಪರಮಾಣು ಸ್ಥಾವರಗಳ ತ್ಯಾಜ್ಯವನ್ನು ಸಾವಿರಾರು ವರ್ಷ ಎಲ್ಲಿ ಹೂತಿಡಬೇಕೆಂಬುದು ಇಂದು ಅನೇಕ ದೇಶಗಳ ಎದುರಿಗಿರುವ ಪ್ರಶ್ನೆ. ಅಷ್ಟು ದೀರ್ಘ ಪ್ರಯೋಗವನ್ನು ಮನುಷ್ಯ ಮಾಡಲಾರ; ಓಕ್ಲೋದಲ್ಲಿ ಅದು ಮಾಡಿ ಮುಗಿದಿದೆ. ಅಲ್ಲಿ ಹುಟ್ಟಿದ ಪ್ಲುಟೋನಿಯಂ ಇದ್ದ ಜಾಗದಿಂದ ಕದಲದೆಯೇ ಕ್ಷಯಿಸಿತು. ಆದರೆ ಸೀಸಿಯಂ ಮೊದಲಾದ ಕೆಲವು ಧಾತುಗಳು ಸ್ವಲ್ಪಮಟ್ಟಿಗೆ ಹೊರಟುಹೋಗಿವೆ. ಆದ್ದರಿಂದ ‘ಹೂತಿಟ್ಟರೆ ಭಯವಿಲ್ಲ’ ಎಂದಾಗಲಿ ‘ಹೂಳುವುದೇ ವ್ಯರ್ಥ’ ಎಂದಾಗಲಿ ಓಕ್ಲೋ ಹೇಳುವುದಿಲ್ಲ. ಯಾವ ಧಾತು ಎಂಥ ಬಂಡೆಯಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ಮಾತ್ರ ಅದು ಉತ್ತರ ಕೊಡುತ್ತದೆ.

ಹಂಚುವ ಮುನ್ನ

ಇಂಥ ಲೇಖನಗಳು ಬಾಯಿಂದ ಬಾಯಿಗೆ ಬೇಗ ಹರಡುತ್ತವೆ. ಹರಡುವಾಗ ರೂಪ ಬದಲಿಸುತ್ತವೆ. ಓಕ್ಲೋ ಸ್ಥಾವರವನ್ನು ಯಾವುದೋ ಪ್ರಾಚೀನ ನಾಗರಿಕತೆ ಕಟ್ಟಿತೆಂಬ ಬರಹಗಳೂ ಓಡಾಡುತ್ತಿವೆ. ೨೦೦ ಕೋಟಿ ವರ್ಷಗಳ ಹಿಂದೆ ಭೂಮಿಯ ಮೇಲಿದ್ದದ್ದು ಬಹುತೇಕ ಸೂಕ್ಷ್ಮಜೀವಿಗಳು ಮಾತ್ರ ಎಂಬುದನ್ನು ನೆನೆದರೆ ಆ ಮಾತು ನಿಲ್ಲುವುದಿಲ್ಲ. ಆದ್ದರಿಂದ ವಿಚಿತ್ರವಾದ ಸಂಗತಿಯನ್ನು ಓದಿದಾಗ ಮೂರು ಪ್ರಶ್ನೆಗಳನ್ನು ಕೇಳುವ ರೂಢಿಯನ್ನು ವಿದ್ಯಾರ್ಥಿಗಳು ಮಾಡಿಕೊಳ್ಳಬೇಕು. ಇದನ್ನು ಅಳೆದವರು ಯಾರು? ಯಾವ ಉಪಕರಣದಿಂದ, ಎಷ್ಟು ನಿಖರವಾಗಿ ಅಳೆದರು? ನಮಗೆ ಗೊತ್ತಿರುವ ಸೂತ್ರದಿಂದ ಆ ಸಂಖ್ಯೆಯನ್ನು ನಾವೇ ಪಡೆಯಬಹುದೇ? ಹನಿಗಳ ಅಂತರವನ್ನು ಕಳೆದು ನೋಡಿದಂತೆ, ೩.೭ನ್ನು ಗುಣಿಸಿ ನೋಡಿದಂತೆ, ಮೂರನೆಯ ಪ್ರಶ್ನೆಗೆ ಕಾಗದ ಪೆನ್ಸಿಲುಗಳೇ ಸಾಕು.

ಅಭ್ಯಾಸಕ್ಕಾಗಿ ಒಂದು ಲೆಕ್ಕ. ಭೂಮಿಯ ವಯಸ್ಸನ್ನು ೪೫೦ ಕೋಟಿ ವರ್ಷ ಎಂದಿಟ್ಟುಕೊಳ್ಳಿ. ಭೂಮಿ ಹುಟ್ಟಿದಾಗ ಯುರೇನಿಯಂನಲ್ಲಿ ೨೩೫ರ ಪಾಲು ಎಷ್ಟಿತ್ತು? ಮೇಲಿನ ಕ್ರಮದಲ್ಲಿಯೇ ಮಾಡಿರಿ. ಶೇಕಡ ೨೩ರ ಆಸುಪಾಸಿನಲ್ಲಿ ಉತ್ತರ ಬರಬೇಕು. ಬಂದ ಮೇಲೆ ಇನ್ನೊಂದು ಪ್ರಶ್ನೆಯನ್ನು ಯೋಚಿಸಿ: ಪಾಲು ಅಷ್ಟು ಹೆಚ್ಚಿದ್ದ ಆ ಕಾಲದಲ್ಲಿ ಓಕ್ಲೋದಂಥವು ಏಕೆ ಎಲ್ಲೆಡೆ ಹುಟ್ಟಲಿಲ್ಲ? ಯುರೇನಿಯಂ ನೀರಿನಲ್ಲಿ ಕರಗಿ ಒಂದೆಡೆ ಬಂದು ಸೇರಬೇಕಾದರೆ ಆಮ್ಲಜನಕ ಬೇಕು. ವಾಯುಮಂಡಲದಲ್ಲಿ ಆಮ್ಲಜನಕ ಗಣನೀಯವಾಗಿ ಏರತೊಡಗಿದ್ದು ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ. ಈ ಸುಳಿವನ್ನು ಹಿಡಿದು ಹೊರಟವರಿಗೆ ವಿಶ್ವಕೋಶದಲ್ಲಿ ಮುಂದಿನ ಓಣಿ ತಾನಾಗಿ ಸಿಗುತ್ತದೆ.