ಗಾಲ್ಫ್ ಸ್ವಿಂಗ್ ನೋಡುವುದು ಹೇಗೆ? ಮಾಮು ಕಲಿಸಿದ ಪಾಠ

ನಮ್ಮ ಕಾಲೇಜಿನಲ್ಲಿ ಕ್ರಿಕೆಟ್ ಗೊತ್ತಿಲ್ಲದವರು ಯಾರೂ ಇಲ್ಲ. ಆದರೆ ಗಾಲ್ಫ್ ಎಂದ ಕೂಡಲೇ ಎಲ್ಲರೂ "ಅದು ದುಡ್ಡಿದ್ದವರ ಆಟ ಬಿಡು" ಎಂದು ಮಾತು ಮುಗಿಸುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ನನ್ನ ಮಾಮು 22 ವರ್ಷಗಳಿಂದ ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಕ್ಯಾಡಿ ಆಗಿದ್ದರೂ ಅವರ ಕೆಲಸ ಏನೆಂದು ನಾನು ಒಮ್ಮೆಯೂ ಸರಿಯಾಗಿ ಕೇಳಿರಲಿಲ್ಲ. ಚೀಲ ಹೊರುವುದು ಅಷ್ಟೇ ಅಲ್ಲವಂತೆ. ಗಾಳಿ ಎತ್ತ ಬೀಸುತ್ತಿದೆ, ಇನ್ನು ಎಷ್ಟು ಗಜ ಉಳಿದಿದೆ, ಚೀಲದಲ್ಲಿರುವ 14 ಕ್ಲಬ್‌ಗಳಲ್ಲಿ ಯಾವುದು ಬೇಕು ಎಂದು ಹೇಳುವವರೂ ಅವರೇ.

ಕಳೆದ ದಸರಾ ರಜೆಯಲ್ಲಿ ಅಲ್ಲಿ ವೃತ್ತಿಪರರ ಪಂದ್ಯಾವಳಿ ಇತ್ತು. ಇಂಥ ಪಂದ್ಯ ಸಾಮಾನ್ಯವಾಗಿ 4 ದಿನ, ದಿನಕ್ಕೆ 18 ಹೋಲ್. ಮೊದಲ ಎರಡು ದಿನದ ನಂತರ ಹಿಂದೆ ಬಿದ್ದವರು ಮನೆಗೆ ಹೋಗುತ್ತಾರೆ. ಮಾಮುಗೆ ಒಂದು ದಿನ ಬಿಡುವಿತ್ತು. "ಬಾ ಬೇಟಾ, ನೋಡುವುದನ್ನು ಕಲಿ" ಎಂದು ಕರೆದುಕೊಂಡು ಹೋದರು. ಫಜರ್ ನಮಾಜು ಮುಗಿಸಿ ಹೊರಟ ನಾವು ಹುಲ್ಲಿನ ಮೇಲಿನ ಇಬ್ಬನಿ ಆರುವ ಮೊದಲೇ ಅಲ್ಲಿದ್ದೆವು.

ಮೊದಲ ಎರಡು ಗಂಟೆ ನಾನು ಮಾಡಿದ್ದು ಒಂದೇ ಕೆಲಸ. ಆಟಗಾರ ಹೊಡೆಯುತ್ತಿದ್ದ, ನಾನು ತಲೆಯೆತ್ತಿ ಆಕಾಶದಲ್ಲಿ ಚೆಂಡು ಹುಡುಕುತ್ತಿದ್ದೆ. ಮಾಮು ನನ್ನ ನೋಟ್‌ಬುಕ್ ತೆಗೆದು ನೋಡಿದರು. ಅದರಲ್ಲಿ "ಚೆನ್ನಾಗಿ ಹೊಡೆದ", "ತುಂಬಾ ದೂರ ಹೋಯಿತು" ಎಂದಷ್ಟೇ ಇತ್ತು. "ಇದು ಬ್ಯಾಲೆನ್ಸ್ ಶೀಟ್‌ನ ಕೊನೆಯ ಸಾಲು ಮಾತ್ರ ಓದಿದ ಹಾಗಾಯಿತು" ಎಂದು ನಕ್ಕರು. ನಾನು ಕಾಮರ್ಸ್ ವಿದ್ಯಾರ್ಥಿ ಎಂದು ಬೇಕೆಂದೇ ಚುಚ್ಚಿದ್ದು. ಮತ್ತೆ ನನ್ನನ್ನು ಅಭ್ಯಾಸದ ಜಾಗಕ್ಕೆ ಕರೆದೊಯ್ದರು.

ನೀವು ಎಂದಾದರೂ ಹೋದರೆ ನೀವೂ ಅಲ್ಲಿಂದಲೇ ಶುರು ಮಾಡಿ. ಪಂದ್ಯದಲ್ಲಿ ಒಬ್ಬ ಆಟಗಾರ ಹೊಡೆದು ಮುಂದೆ ನಡೆದುಬಿಡುತ್ತಾನೆ. ಅಭ್ಯಾಸದಲ್ಲಿ ಅದೇ ಸ್ವಿಂಗ್ ಅನ್ನು ನಲವತ್ತು ಐವತ್ತು ಸಲ ನೋಡಬಹುದು. ಹೆಚ್ಚಿನವರು ಚಿಕ್ಕ ಕ್ಲಬ್‌ನಿಂದ ಮೆಲ್ಲಗೆ ಶುರು ಮಾಡಿ ಕೊನೆಗೆ ಉದ್ದದ ಡ್ರೈವರ್ ಎತ್ತಿಕೊಳ್ಳುತ್ತಾರೆ. ನಿಲ್ಲಲು ಎರಡು ಜಾಗಗಳಿವೆ. ಆಟಗಾರನ ಎದೆ ಕಾಣುವಂತೆ ಎದುರಿಗೆ ನಿಂತರೆ ಮೈಭಾರ ಯಾವ ಕಾಲಿನಿಂದ ಯಾವ ಕಾಲಿಗೆ ಹೋಗುತ್ತದೆ ಎಂದು ತಿಳಿಯುತ್ತದೆ. ಚೆಂಡು ಹೋಗುವ ಗೆರೆಯ ಹಿಂದೆ ನಿಂತರೆ ಕ್ಲಬ್ ಮೇಲೆ ಹೋದ ದಾರಿ, ಕೆಳಗೆ ಬಂದ ದಾರಿ ಎರಡೂ ಕಾಣುತ್ತವೆ. ಹಗ್ಗ ದಾಟಬಾರದು. ಯಾರಾದರೂ "ಫೋರ್!" ಎಂದು ಕೂಗಿದರೆ ತಲೆ ಮುಚ್ಚಿಕೊಳ್ಳಬೇಕು, ಚೆಂಡು ನಿಮ್ಮ ಕಡೆಗೇ ಬರುತ್ತಿರಬಹುದು.

ಒಂದು ಸಲದಲ್ಲಿ ಒಂದೇ ಸಂಗತಿ ನೋಡು ಎಂಬುದು ಮಾಮು ಹಾಕಿದ ನಿಯಮ. ಮೊದಲ ಹತ್ತು ಹೊಡೆತಕ್ಕೆ ಪಾದಗಳನ್ನು ಮಾತ್ರ ನೋಡಿದೆ. ಡ್ರೈವರ್ ಹಿಡಿದಾಗ ಪಾದಗಳು ಅಗಲ, ಚೆಂಡು ಮುಂಗಾಲಿನ ಹಿಮ್ಮಡಿಯ ನೇರಕ್ಕೆ. ಕ್ಲಬ್ ಚಿಕ್ಕದಾದಂತೆ ಪಾದಗಳು ಹತ್ತಿರ, ಚೆಂಡು ನಡುವಿಗೆ. ಆಮೇಲೆ ಸೊಂಟ. ಕ್ಲಬ್ ಇನ್ನೂ ಮೇಲಿರುವಾಗಲೇ ಸೊಂಟ ಗುರಿಯ ಕಡೆ ತಿರುಗಲು ಶುರುವಾಗಿರುತ್ತದೆ, ಕೈಗಳು ಹಿಂದಿನಿಂದ ಬರುತ್ತವೆ. ನಮ್ಮಂಥವರು ಮೊದಲು ಕೈ ಬೀಸುತ್ತೇವೆ, ಅಲ್ಲೇ ಕೆಡುವುದು. ಆಮೇಲೆ ನೆಲ. ಐರನ್ ಕ್ಲಬ್‌ನಿಂದ ಹೊಡೆದಾಗ ಕಿತ್ತುಬರುವ ಹುಲ್ಲಿನ ಹೆಂಟೆ ಚೆಂಡು ಇದ್ದ ಜಾಗದಿಂದ ಮುಂದಕ್ಕೆ ಇರುತ್ತದೆ. ಅಂದರೆ ಕ್ಲಬ್ ಮೊದಲು ಚೆಂಡಿಗೆ ತಾಗಿದೆ, ನಂತರ ಮಣ್ಣಿಗೆ. ನಾನು ತಿರುಗುಮುರುಗಾಗಿ ಅಂದುಕೊಂಡಿದ್ದೆ.

ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕು. ಒಬ್ಬ ಆಟಗಾರ ಕ್ಲಬ್ ಎತ್ತುತ್ತಿದ್ದಾಗ ನಾನು ಮೊಬೈಲಿನಲ್ಲಿ ಫೋಟೊ ತೆಗೆದೆ, ಕ್ಲಿಕ್ ಸದ್ದು ಬಂತು. ಅವರು ನಡುವೆಯೇ ನಿಲ್ಲಿಸಿ ನನ್ನ ಕಡೆ ನೋಡಿದರು. ಮಾಮು ನನ್ನ ಪರವಾಗಿ ಕೈ ಮುಗಿದರು. ಆಮೇಲೆ ದಿನವಿಡೀ ಮೊಬೈಲ್ ಮಾಮು ಜೇಬಿನಲ್ಲೇ ಇತ್ತು. ಅಮೆರಿಕದ ಆಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಪ್ರೇಕ್ಷಕರು ಮೊಬೈಲ್ ಒಳಗೆ ತರುವಂತೆಯೇ ಇಲ್ಲ. ಅಲ್ಲಿ ಸಾವಿರಾರು ಜನ ಬರೀ ಕಣ್ಣಿನಿಂದ ನೋಡಿ ಬರುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ತಾಳದ ಲೆಕ್ಕ. ಮಾಮು ಪಕ್ಕದಲ್ಲಿ ಪಿಸುಗುಟ್ಟುತ್ತಾ ಎಣಿಸಿದರು: ಕ್ಲಬ್ ಮೇಲೆ ಹೋಗುವಾಗ "ಏಕ್, ದೋ, ತೀನ್", ಕೆಳಗೆ ಬಂದು ತಾಗುವಾಗ "ಬಸ್". ನಿಧಾನ ಬೀಸುವವರಿಗೂ ವೇಗವಾಗಿ ಬೀಸುವವರಿಗೂ ಈ ಎಣಿಕೆ ಹೊಂದುತ್ತಿತ್ತು. ಮನೆಗೆ ಬಂದು ಓದಿದಾಗ ತಿಳಿಯಿತು, ಜಾನ್ ನೊವೊಸೆಲ್ ಎಂಬ ಅಮೆರಿಕನ್ನರು ವೃತ್ತಿಪರರ ವಿಡಿಯೊಗಳನ್ನು ಫ್ರೇಮ್ ಫ್ರೇಮ್ ಆಗಿ ಎಣಿಸಿ ಇದನ್ನೇ ಕಂಡಿದ್ದರು. ಮೇಲೆ ಹೋಗಲು 27 ಫ್ರೇಮ್, ಕೆಳಗೆ ಬರಲು 9. ಇನ್ನೊಬ್ಬರಿಗೆ 24 ಮತ್ತು 8. ಮತ್ತೊಬ್ಬರಿಗೆ 21 ಮತ್ತು 7. ಅನುಪಾತ ಮಾತ್ರ 3:1. ಮಾಮು ಯಾವ ಪುಸ್ತಕವನ್ನೂ ಓದಿಲ್ಲ.

ಅನುಪಾತ ಒಂದೇ ಆದರೂ ಸ್ವಿಂಗ್‌ನ ಆಕಾರ ಒಬ್ಬರದಿದ್ದಂತೆ ಇನ್ನೊಬ್ಬರದಿರಲಿಲ್ಲ. ಇದು ನನ್ನನ್ನು ಗೊಂದಲಕ್ಕೆ ಹಾಕಿತು. ಅಮೆರಿಕದ ಜಿಮ್ ಫ್ಯೂರಿಕ್ ಅವರ ಕ್ಲಬ್ ಮೇಲೆ ಹೋಗಿ, ಅಲ್ಲೊಂದು ಸುತ್ತು ಹಾಕಿ, ಬೇರೆಯೇ ದಾರಿಯಲ್ಲಿ ಇಳಿಯುತ್ತದೆ. ಯಾವ ಕೋಚ್ ಕೂಡ ಅದನ್ನು ಮಕ್ಕಳಿಗೆ ಕಲಿಸುವುದಿಲ್ಲ. ಅವರಿಗೆ ಕಲಿಸಿದ ತಂದೆ ಮಾತ್ರ ಅದನ್ನು ಬದಲಿಸಲಿಲ್ಲ. ಅದೇ ಸ್ವಿಂಗ್‌ನಿಂದ ಫ್ಯೂರಿಕ್ 2003ರ ಯುಎಸ್ ಓಪನ್ ಗೆದ್ದರು, 2016ರಲ್ಲಿ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿ ಪಿಜಿಎ ಟೂರ್‌ನ ದಾಖಲೆ ಮಾಡಿದರು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರು ತುಂಬಾ ದೂರ ಹೊಡೆಯುವವರಲ್ಲ. ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆದರು, ಒಂದೇ ಹೊಡೆತದಲ್ಲಿ ಪದಕ ತಪ್ಪಿತು. ಅಲ್ಲಿ ಅವರ ಕ್ಯಾಡಿ ಆಗಿದ್ದವರು ಅವರ ತಾಯಿ.

ಹಾಗಾದರೆ ನೋಡಿ ಕಲಿಯುವುದು ಏನನ್ನು ಎಂದು ಕೇಳಿದೆ. ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಮ್ಮಿಗೂ ಗೊತ್ತಿಲ್ಲದ ಒಂದು ವಿಷಯ ಹೇಳಿದರು (ಬರೆಯಲು ಒಪ್ಪಿಗೆ ಪಡೆದಿದ್ದೇನೆ). ಅವರು ಕೆಲಸ ಮಾಡುವಲ್ಲಿ ಸೋಮವಾರ ಕ್ಯಾಡಿಗಳಿಗೆ ಆಡಲು ಬಿಡುತ್ತಾರೆ. ಮಾಮು ಹಾಗೆ ಆಡಿ ಆಡಿ ಚೆನ್ನಾಗಿ ಕಲಿತಿದ್ದರು. ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ದೆಹಲಿಯಲ್ಲಿ ಇಂಡಿಯನ್ ಓಪನ್ ಗೆದ್ದದ್ದು ಅವರಂಥವರಿಗೆಲ್ಲ ದೊಡ್ಡ ಆಸೆ ಹುಟ್ಟಿಸಿತ್ತು. ಮಾಮುವೂ ವೃತ್ತಿಪರನಾಗಲು ಅರ್ಹತಾ ಪಂದ್ಯಕ್ಕೆ ಸಾಲ ಮಾಡಿ ಶುಲ್ಕ ಕಟ್ಟಿದರು. ಅದಕ್ಕೆ ಎರಡು ತಿಂಗಳ ಮುಂಚೆ ಒಂದು ಪಂದ್ಯಾವಳಿಯಲ್ಲಿ ಆರಡಿ ಎತ್ತರದ ಆಟಗಾರನೊಬ್ಬನನ್ನು ನೋಡಿ ಅವನ ಹಾಗೆಯೇ ಕೈಗಳನ್ನು ತೀರಾ ಮೇಲಕ್ಕೆ ಎತ್ತಲು ಶುರು ಮಾಡಿದರು. ಮಾಮು ಐದಡಿ ನಾಲ್ಕು ಅಂಗುಲ. ಹೊಸದು ಕೂಡಲಿಲ್ಲ, ಹಳೆಯದು ಮರೆತುಹೋಯಿತು. ಅರ್ಹತೆ ಸಿಗಲಿಲ್ಲ, ಇನ್ನೊಮ್ಮೆ ಶುಲ್ಕ ಕಟ್ಟುವ ಶಕ್ತಿಯೂ ಇರಲಿಲ್ಲ.

"ಅವನ ಎತ್ತರವನ್ನು ನಾನು ನಕಲು ಮಾಡಿದೆ. ಅವನ ಏಕ್-ದೋ-ತೀನ್ ನೋಡಬೇಕಿತ್ತು" ಎಂದರು.

ಕೋಚ್‌ಗೆ ಹಣ ಕೊಡಲಾಗದವರಿಗೆ ನೋಡುವುದೇ ಶಾಲೆ, ಅಲ್ಲಿ ತಪ್ಪು ಓದಿದರೆ ತಿದ್ದುವವರು ಯಾರೂ ಇಲ್ಲ. ಆದ್ದರಿಂದ ಈಗ ಮಾಮು ಮೊದಲು ತಮ್ಮ ಎತ್ತರ, ಮೈಕಟ್ಟಿನ ಆಟಗಾರನನ್ನೇ ಹುಡುಕುತ್ತಾರೆ. ಬೇರೆ ಬೇರೆ ಆಕಾರದ ಹತ್ತು ಸ್ವಿಂಗ್‌ಗಳಲ್ಲಿ ಒಂದೇ ತೆರನಾಗಿ ಕಾಣುವುದನ್ನು ಮಾತ್ರ ಬರೆದಿಡುತ್ತಾರೆ. ಹೊಡೆದ ಮೇಲೆ ಭಾರವೆಲ್ಲ ಮುಂಗಾಲಿನ ಮೇಲೆ, ಬೆಲ್ಟಿನ ಬಕಲ್ ಗುರಿಯ ಕಡೆ, ಅಲುಗಾಡದೆ ನಿಲ್ಲುವುದು. ಇದು ಅಂದು ನಾನು ನೋಡಿದವರೆಲ್ಲರಲ್ಲೂ ಇತ್ತು.

ಮುಂದಿನ ಸೋಮವಾರ ನಾನು ಮಾಮು ಜೊತೆ ಮತ್ತೆ ಹೋದೆ. ಅವರು ಹಳೆಯ ಸೆವೆನ್ ಐರನ್ ಹಿಡಿದು ಹತ್ತು ಚೆಂಡು ಹೊಡೆದರು. ನಾನು ಗೆರೆಯ ಹಿಂದೆ ನಿಂತು ಎಣಿಸಿದೆ.

"ಏನು ಕಂಡಿತು?" ಎಂದು ಕೇಳಿದರು.

ನೋಟ್‌ಬುಕ್ ನೋಡಿ ಹೇಳಿದೆ: "ಮಾಮು, ಹತ್ತರಲ್ಲಿ ಆರು ಸಲ ನೀವು 'ತೀನ್' ಆಗುವ ಮೊದಲೇ ಇಳಿಸಿದಿರಿ."

ಅವರು ಏನೂ ಹೇಳಲಿಲ್ಲ. ಹನ್ನೊಂದನೆಯ ಚೆಂಡು ಇಟ್ಟುಕೊಂಡು, ತುಟಿ ಅಲುಗಿಸುತ್ತಾ ಎಣಿಸಿ ಹೊಡೆದರು. ಚೆಂಡು ಎಲ್ಲಿಗೆ ಹೋಯಿತೆಂದು ನಾನು ನೋಡಲಿಲ್ಲ. ಮಾಮು ಮುಂಗಾಲಿನ ಮೇಲೆ ಅಲುಗಾಡದೆ ನಿಂತಿದ್ದರು.